ನೆಲ ಕೇಳಿದ್ದನ್ನು ಕಟ್ಟಿಕೊಂಡು

ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿಯಾಗುವ ಹೊತ್ತಿಗೆ ನನ್ನ ಕೈ ತಾನಾಗಿ ಪಾನಾ ಡಬ್ಬಿಯ ಕಡೆ ಹೋಗುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ, ತೊಗರಿ ರಾಶಿ ಮುಗಿದು, ಕಾಳು ಚೀಲ ಸೇರಿದ ಮೇಲೆ ನಮ್ಮ ಕಡೆ ಬಂಡಿದಾರಿಗಳು ಒಣಗಿ ಗಟ್ಟಿಯಾಗುತ್ತವೆ. ಗಾಡಿ ಹೊರಡಿಸುವ ಹಂಗಾಮು ಅದು. ಅದಕ್ಕಿನ್ನೂ ತಿಂಗಳುಗಳಿರುವಾಗಲೇ ಜಿಪ್ಸಿಯ ಬಾನೆಟ್ ಎತ್ತಿ ನಿಲ್ಲಿಸುವುದು ನನಗೆ ಹಬ್ಬ. ರ‍್ಯಾಲಿಯನ್ನು ಪ್ರೀತಿಸುತ್ತೇನೆ, ಅದರ ತಯಾರಿಯನ್ನು ಇನ್ನೂ ಹೆಚ್ಚು ಪ್ರೀತಿಸುತ್ತೇನೆ.

ರ‍್ಯಾಲಿ ಎಂದೊಡನೆ ಬಹಳ ಜನರ ಕಣ್ಣ ಮುಂದೆ ಬರುವುದು ವೇಗ. ನ್ಯಾವಿಗೇಷನ್ ರ‍್ಯಾಲಿಯ ದಾರಿ ಬೇರೆ. ಹೊರಡುವ ಮುನ್ನ ಕೈಗೊಂದು ರೋಡ್‌ಬುಕ್ ಕೊಡುತ್ತಾರೆ. ಎಷ್ಟು ಕಿಲೋಮೀಟರಿಗೆ ಯಾವ ತಿರುವು, ಎಲ್ಲಿ ಹಳ್ಳ, ಎಲ್ಲಿ ಒಂಟಿ ಮರ ಎಂಬುದು ಅದರಲ್ಲಿ ಸಣ್ಣ ಸಣ್ಣ ಚಿತ್ರಗಳಾಗಿರುತ್ತದೆ. ಇಂತಿಂಥ ತುಂಡಿಗೆ ಇಷ್ಟು ಸರಾಸರಿ ವೇಗ ಎಂದು ಕಟ್ಟು ಹಾಕಿರುತ್ತಾರೆ. ಸಮಯ ನೋಡುವವರು ಎಲ್ಲಿ ಕೂತಿದ್ದಾರೆಂದು ಗೊತ್ತಿರುವುದಿಲ್ಲ. ತಡವಾದರೂ ದಂಡ, ಬೇಗ ಬಂದರೂ ದಂಡ. ಗಂಟೆಗೆ 36 ಕಿ.ಮೀ. ಎಂದರೆ ಒಂದು ಕಿಲೋಮೀಟರಿಗೆ 100 ಸೆಕೆಂಡು; 30 ಎಂದರೆ 120; 24 ಎಂದರೆ 150. ಈ ಲೆಕ್ಕ ಬಾಯಿಪಾಠ ಆಗಿರಬೇಕು, ಗಾಡಿ ಆ ಲೆಕ್ಕಕ್ಕೆ ಒಗ್ಗಿರಬೇಕು. ರ‍್ಯಾಲಿ ಎಲ್ಲೇ ನಡೆಯಲಿ, ನನ್ನ ತಯಾರಿ ನಡೆಯುವುದು ಮಾತ್ರ ನಮ್ಮ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ನಡುವಿನ ನೆಲದ ಮೇಲೆ.

ಇದಕ್ಕಿಂತ ಒಳ್ಳೆಯ ಶಾಲೆ ನನಗೆ ಗೊತ್ತಿಲ್ಲ. ಶಹಾಬಾದಿನಿಂದ ಚಿಂಚೋಳಿಗೆ ನೇರ ಗೆರೆ ಎಳೆದರೆ 70 ಕಿ.ಮೀ. ಒಳಗೇ ಮುಗಿಯುತ್ತದೆ. ಅಷ್ಟರಲ್ಲಿ ನೆಲ ಮೂರು ಬಣ್ಣ ತೋರಿಸುತ್ತದೆ. ಶಹಾಬಾದ್, ವಾಡಿ, ಸೇಡಂ ಸುತ್ತ ಪದರ ಪದರವಾದ ಸುಣ್ಣಕಲ್ಲು. ನಡುವೆ ಕಪ್ಪು ಎರೆ. ಚಿಂಚೋಳಿಯ ಎತ್ತರಕ್ಕೆ ಹೋದಂತೆ ಕೆಂಪು ಜಂಬಿಟ್ಟಿಗೆ, ಮೊರಂ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ದಖ್ಖನ್ ಲಾವಾದ ಅಂಚು ನಮ್ಮ ಜಿಲ್ಲೆಯಲ್ಲೇ ಇದೆ. ಭೂವಿಜ್ಞಾನದ ಪುಸ್ತಕ ಓದದಿದ್ದರೂ ಟೈರು ಇದನ್ನು ತಿಳಿಸಿಕೊಡುತ್ತದೆ. ಗಾಡಿಗೆ ಏನು ಕಟ್ಟಬೇಕು, ಏನು ಬಿಡಬೇಕು ಎಂದು ಹೇಳುವುದು ಈ ನೆಲವೇ.

ನನ್ನದು ಹಳೆಯ ಮಾರುತಿ ಜಿಪ್ಸಿ. 1985ರಲ್ಲಿ ಬಂದ ಈ ಗಾಡಿಯ ಗುಣವೆಂದರೆ ಹಗುರ ಮೈ, ಕಡಿಮೆ ಉದ್ದ, ಬಿಚ್ಚಿದರೆ ಎಲ್ಲವೂ ಕೈಗೆ ಸಿಗುವ ಎಂಜಿನ್. ನಾಲ್ಕೂ ಚಕ್ರಕ್ಕೆ ಶಕ್ತಿ ಬೇಕಾದಾಗ ಇಳಿದು ಮುಂದಿನ ಹಬ್ಬುಗಳನ್ನು ಕೈಯಿಂದ ತಿರುಗಿಸಬೇಕು. ಆ ಸಣ್ಣ ಗುಂಡನೆಯ ತಿರುಗಣೆಯ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, ಫ್ರೀ ಎಂಬಲ್ಲಿಂದ ಲಾಕ್ ಎಂಬಲ್ಲಿಗೆ ಹೊರಳಿಸುತ್ತೇನೆ. ಒಳಗೆ ಹಲ್ಲು ಹಲ್ಲಿಗೆ ಕೂತಾಗ ಬೆರಳಿಗೆ ತಾಗುವ ಆ ಸಣ್ಣ ಟಕ್ ನನಗೆ ಬಹಳ ಇಷ್ಟ. ಅದಕ್ಕಾಗಿಯೇ ವರ್ಷಕ್ಕೊಮ್ಮೆ ಹಬ್ ಬಿಚ್ಚಿ, ಹಳೆಯ ಗ್ರೀಸನ್ನು ಡೀಸೆಲ್‌ನಲ್ಲಿ ತೊಳೆದು, ಬೇರಿಂಗಿನ ಒಂದೊಂದು ಉರುಳೆಯ ಸಂದಿಗೂ ಹೊಸ ಗ್ರೀಸನ್ನು ಅಂಗೈಯಿಂದ ಒತ್ತಿ ತುಂಬುತ್ತೇನೆ. ಯಂತ್ರದಿಂದಲೂ ತುಂಬಬಹುದು. ಕೈಯಿಂದ ತುಂಬಿದರೆ ಸವೆದ ಉರುಳೆ ಯಾವುದೆಂದು ಬೆರಳಿಗೇ ಗೊತ್ತಾಗುತ್ತದೆ.

ಲಾರಿ, ಟ್ರ್ಯಾಕ್ಟರುಗಳ ನಡುವೆ ಬದುಕು ಸವೆಸಿದ ನಮ್ಮ ವಾಡಿಯ ಮಿಸ್ತ್ರಿಯದು ಒಂದೇ ಮಾತು: "ಗಾಡಿ ಚಂದ ಮಾಡಬ್ಯಾಡ್ರಿ ಅಣ್ಣಾ, ಗಟ್ಟಿ ಮಾಡ್ರಿ." ಅವರ ಕೈಯಲ್ಲಿ ತಯಾರಿ ಎಂದರೆ ಹೊಸ ಸಾಮಾನು ಏರಿಸುವುದಲ್ಲ, ಇರುವ ಬೋಲ್ಟ್ ಒಂದನ್ನೂ ಬಿಡದೆ ಮುಟ್ಟಿ ನೋಡುವುದು. ಲೀಫ್ ಸ್ಪ್ರಿಂಗಿನ ಪ್ಲೇಟುಗಳಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಉದುರಿಸಿ ನೋಡುತ್ತಾರೆ. ಬಿರುಕಿದ್ದರೆ ಒಳಗೆ ನಿಂತ ಎಣ್ಣೆ ಒಸರಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ಯು-ಬೋಲ್ಟ್ ಬಿಗಿ ಮಾಡಿದ ಮೇಲೆ ನಟ್ಟಿನಿಂದ ಪಕ್ಕದ ಪ್ಲೇಟಿನವರೆಗೆ ಒಂದೇ ಬಿಳಿ ಬಣ್ಣದ ಗೆರೆ ಎಳೆಯುತ್ತಾರೆ. ದಾರಿಯಲ್ಲಿ ನಿಂತಾಗ ಪಾನಾ ಹಚ್ಚಿ ನೋಡಬೇಕಿಲ್ಲ, ಗೆರೆ ತಪ್ಪಿದ್ದರೆ ನಟ್ಟು ಸಡಿಲಾಗಿದೆ ಎಂದೇ ಅರ್ಥ.

ಟೈರಿನ ವಿಷಯಕ್ಕೆ ಬಂದರೆ ಎರಡು ನೆಲಗಳ ಜಗಳ. ಎರೆಗೆ ಗಾಳಿ ಇಳಿಸಿದ ಮೆತ್ತನೆ ಟೈರು ಬೇಕು. 28 ಪಿಎಸ್‌ಐ ಇದ್ದ ಗಾಳಿಯನ್ನು 18ಕ್ಕೆ ತಂದರೆ ಟೈರು ಅಗಲವಾಗಿ ಹರಡಿ ಮಣ್ಣಿನ ಮೇಲೆ ತೇಲಿದಂತೆ ಸಾಗುತ್ತದೆ. ಶಹಾಬಾದಿನ ಪರ್ಸಿ ಗಣಿಗಳ ಹತ್ತಿರ ಅದೇ ಗಾಳಿಯಲ್ಲಿ ಹೋದರೆ ಟೈರಿನ ಪಕ್ಕೆ ಸೀಳುತ್ತದೆ. ಅರ್ಧ ನಾಡಿನ ಮನೆಗಳಿಗೆ ನೆಲಹಾಸಾದ ಕಲ್ಲು ಅದು. ಒಡೆದಾಗ ಅದರ ಅಂಚು ಕತ್ತಿಯಂತೆ ನೇರ. ಮೂರನೆಯ ಶತ್ರು ತೊಗರಿಯ ಕೂಳೆ. ಕುಡುಗೋಲಿನಿಂದ ಓರೆಯಾಗಿ ಕೊಯ್ದ ತೊಗರಿಯ ಬುಡ ಒಣಗಿದರೆ ಮೊಳೆಯಷ್ಟು ಗಟ್ಟಿ. ಟ್ರ್ಯಾಕ್ಟರ್ ಟೈರನ್ನೂ ಬಿಡುವುದಿಲ್ಲ. ಆದ್ದರಿಂದ ನನ್ನ ಗಾಡಿಯಲ್ಲಿ ಎರಡು ಸ್ಟೆಪ್ನಿ, ಪಂಚರ್ ಬತ್ತಿ, ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು, ಗಾಳಿ ಮಾಪಕ ಯಾವಾಗಲೂ ಇರುತ್ತವೆ. ನೆಲ ಬದಲಾದಲ್ಲಿ ಇಳಿದು ಗಾಳಿ ಬದಲಿಸಲು ಸೋಮಾರಿತನ ಇಲ್ಲದವನು ಅರ್ಧ ರ‍್ಯಾಲಿ ಗೆದ್ದಂತೆ.

ವಾಡಿ, ಸೇಡಂ ನಡುವಿನ ಪಾಠ ಧೂಳು. ಸಿಮೆಂಟ್ ಕಾರ್ಖಾನೆಗಳಿಗೆ ಸುಣ್ಣಕಲ್ಲು ಹೊರುವ ಲಾರಿಗಳು ತುಳಿದ ಮಣ್ಣು ಹಿಟ್ಟಾಗಿರುತ್ತದೆ. ಮುಂದೊಂದು ಲಾರಿ ಇದ್ದರೆ ದಾರಿಯೇ ಕಾಣುವುದಿಲ್ಲ, ಎಂಜಿನ್‌ಗೂ ಉಸಿರು ಸಿಕ್ಕುವುದಿಲ್ಲ. ಏರ್ ಫಿಲ್ಟರನ್ನು ಸಂಜೆಗೊಮ್ಮೆ ಬಿಚ್ಚಿ ಒಳಗಿನಿಂದ ಹೊರಕ್ಕೆ ಗಾಳಿ ಊದಬೇಕು. ಹೊರಗಿನಿಂದ ಊದಿದರೆ ಧೂಳು ಕಾಗದದ ಮಡಿಕೆಯೊಳಗೆ ಇನ್ನಷ್ಟು ಆಳಕ್ಕೆ ಕೂಡುತ್ತದೆ. ರೇಡಿಯೇಟರಿನ ಮುಂದೆ ಸೊಳ್ಳೆ ಪರದೆಯ ಬಲೆ ಕಟ್ಟುತ್ತೇನೆ. ಒಣ ಹುಲ್ಲಿನ ಬೀಜ, ಜೋಳದ ಸೋಗೆಯ ಚೂರು ಅಲ್ಲಿಯೇ ನಿಲ್ಲುತ್ತವೆ.

ಸೇಡಂನಿಂದ ಮಳಖೇಡದ ಕಡೆ ಕಾಗಿಣಾ ದಂಡೆಯ ಎರೆಯ ಹತ್ತಿರ ಮಾತ್ರ ಯಾವ ಸಾಮಾನೂ ಪೂರಾ ಸಾಲದು. ಎರೆಯೊಳಗಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮೇಲೆ ಬಿರುಕು ಕಂಡರೆ ಒಣಗಿದೆ ಎಂದು ನಂಬುವಂತಿಲ್ಲ. ಹೊಲದ ದಂಡೆಯಲ್ಲಿ ಕೂತ ಹಿರಿಯರೊಬ್ಬರು ನನಗೆ ಹೇಳಿದ್ದು ಇದು: "ತಮ್ಮಾ, ಈ ಹಾದಿ ಹಿಡೀಬ್ಯಾಡ. ಮ್ಯಾಲ ಒಣಗ್ಯಾದ, ಒಳಗ ಹಸಿ ಅದ." "ಹೌದ್ರಿ ಕಾಕಾ" ಎಂದು ಗಾಡಿ ಹೊರಳಿಸಿದೆ. ಅಂದಿನಿಂದ ನನ್ನ ಸಾಮಾನಿನಲ್ಲಿ ಒಂದು ಕಬ್ಬಿಣದ ಸಲಾಕೆ ಸೇರಿದೆ. ಅನುಮಾನ ಬಂದಲ್ಲಿ ಇಳಿದು ಸಲಾಕೆ ನೆಟ್ಟು ನೋಡುತ್ತೇನೆ. ತುದಿಗೆ ಮಣ್ಣು ಮೆತ್ತಿಕೊಂಡು ಬಂದರೆ ಆ ದಾರಿ ಬೇಡ. ಸಿಕ್ಕಿಕೊಂಡರೆ ಬೇಕಾಗುವುದು ಸಲಿಕೆ, ಎಳೆಯುವ ಅಗಲ ಪಟ್ಟಿ, ಚಕ್ರದಡಿ ಹಾಸಲು ತಟ್ಟು, ಮತ್ತು ಜಾಕ್ ಕೆಳಗೆ ಇಡಲು ಹಲಗೆ. ಹಲಗೆ ಇಲ್ಲದಿದ್ದರೆ ಎರೆ ಜಾಕನ್ನೇ ನುಂಗುತ್ತದೆ. ಇಷ್ಟು ಪರ್ಸಿ ಇರುವ ನಾಡಿನಲ್ಲಿ ಪರ್ಸಿ ತುಂಡು ಇಟ್ಟರಾಯಿತಲ್ಲ ಎನಿಸಬಹುದು. ಆದರೆ ಪದರದ ಕಲ್ಲು ಒಂದೇ ಕಡೆ ಭಾರ ಬಿದ್ದರೆ ಸೀಳುತ್ತದೆ. ನನ್ನದು ಜಾಲಿಯ ಹಲಗೆ. ಗಳೆಸಾಮಾನು ಮಾಡುವ ಬಡಿಗರು ಅದನ್ನು ಕೊಯ್ದು ಕೊಟ್ಟರು.

ಗಾಡಿಯ ಕೆಲಸ ಮುಗಿದ ಮೇಲೆ ನಕ್ಷೆಯ ಕೆಲಸ. ಇದು ರಾತ್ರಿಯ ಕೆಲಸ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ವಾಡಿಯವರಿಗೊಂದು ವಿಶೇಷವಿದೆ. ಊರಿಗೆ ಸ್ವಲ್ಪ ದಕ್ಷಿಣದಲ್ಲಿ 17ನೇ ಅಕ್ಷಾಂಶವೂ 77ನೇ ರೇಖಾಂಶವೂ ಕೂಡುತ್ತವೆ. ಹಳೆಯ ಕ್ರಮದ ನಕ್ಷೆಗಳಲ್ಲಿ 56 ಸಿ, ಡಿ, ಜಿ, ಎಚ್ ಎಂಬ ನಾಲ್ಕು ಗುಂಪುಗಳ ಮೂಲೆ ಸೇರುವುದು ಅಲ್ಲಿಯೇ. ಸಿಕಂದರಾಬಾದಿನ ಹಳಿ 1874ರಲ್ಲಿ ಮುಂಬೈ–ಮದ್ರಾಸ್ ಹಾದಿಗೆ ಬಂದು ಸೇರಿ ಜಂಕ್ಷನ್ ಆದ ಊರು, ನಕ್ಷೆಯಲ್ಲೂ ಒಂದು ಜಂಕ್ಷನ್ನಿನ ಪಕ್ಕದಲ್ಲೇ ಇದೆ. ಶಹಾಬಾದಿನಿಂದ ಚಿತ್ತಾಪುರಕ್ಕೆ ಹೋಗಬೇಕಾದರೂ ಒಂದು ಹಾಳೆ ದಾಟಿ ಇನ್ನೊಂದಕ್ಕೆ ಇಳಿಯಬೇಕು. ಹಾಳೆಗಳ ಅಂಚು ಕತ್ತರಿಸಿ, ಹಳ್ಳದ ನೀಲಿ ಗೆರೆ ಹಳ್ಳಕ್ಕೆ, ಹಳಿ ಹಳಿಗೆ ಕೂಡುವಂತೆ ಅಂಟಿಸುವಾಗ ಊರೂರುಗಳ ಸಂಬಂಧ ಕಣ್ಣಿಗೆ ಕಟ್ಟುತ್ತದೆ: ಕಾಗಿಣಾ ಸೇಡಂ ಸೀಮೆಯಿಂದ ಸುತ್ತಿ ಸುಳಿದು ಹೊನಗುಂಟಿಯ ಹತ್ತಿರ ಭೀಮೆಯನ್ನು ಸೇರುವುದು, ಭೀಮೆಯ ದಂಡೆಯ ಸನ್ನತಿ. ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡ ನಾಡನ್ನು ಎರಡು ನದಿಗಳ ಹೆಸರು ಹೇಳಿ ಗುರುತಿಸಿತು. ನೀರಿನ ಗೆರೆಯಿಂದ ನೆಲ ಗುರುತಿಸುವುದು ಇಲ್ಲಿನ ಹಳೆಯ ವಿದ್ಯೆ.

ಫೋನಿನ ಜಿಪಿಎಸ್ ಇದೆ. ನೆಟ್‌ವರ್ಕ್ ಇಲ್ಲದಿದ್ದರೂ ಉಪಗ್ರಹ ಸಿಗುತ್ತದೆ, ಮೊದಲೇ ಇಳಿಸಿಕೊಂಡ ನಕ್ಷೆ ತೆರೆಯುತ್ತದೆ. ಆದರೆ ಹಳೆಯ ಹಾಳೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಲೆಕ್ಕ ಹಿಡಿದವು, ಜಿಪಿಎಸ್ ಲೆಕ್ಕ ಬೇರೆ. ತಾಳೆ ಮಾಡದೆ ಒಂದರ ಅಂಕಿಯನ್ನು ಇನ್ನೊಂದರ ಮೇಲಿಟ್ಟರೆ ಹೊಳೆಯ ಈ ದಂಡೆಯ ಗುಡಿ ಆಚೆ ದಂಡೆಗೆ ಹೋಗಿ ನಿಲ್ಲುತ್ತದೆ. ಅದಕ್ಕೇ ನನಗೆ ದಿಕ್ಸೂಚಿಯ ಮೇಲೆ ವಿಶ್ವಾಸ. ಗಾಡಿಯ ಕಬ್ಬಿಣ ಮುಳ್ಳನ್ನು ಎಳೆಯುವುದರಿಂದ ಇಳಿದು ಹತ್ತಾರು ಹೆಜ್ಜೆ ದೂರ ನಿಂತು, ಒಂದು ಕಡೆ ವಾಡಿಯ ಸಿಮೆಂಟ್ ಕಾರ್ಖಾನೆಯ ಚಿಮಣಿ, ಇನ್ನೊಂದು ಕಡೆ ಸೇಡಂನ ಚಿಮಣಿ ಹಿಡಿದು ಕೋನ ನೋಡುತ್ತೇನೆ. ನಕ್ಷೆಯ ಮೇಲೆ ಎರಡು ಗೆರೆ ಕೂಡಿದಲ್ಲಿ ನಾನಿದ್ದೇನೆ. ಬಯಲು ನಾಡು ಕೊಡುವ ಈ ಸೌಕರ್ಯ ಮಲೆನಾಡಿನಲ್ಲಿ ಸುಲಭವಾಗಿ ಸಿಗುವುದಲ್ಲ.

ಆಮೇಲೆ ಟ್ರಿಪ್‌ಮೀಟರ್. ರೋಡ್‌ಬುಕ್ ಬರೆದವರ ಗಾಡಿ 10 ಕಿ.ಮೀ. ಎಂದದ್ದನ್ನು ನನ್ನ ಗಾಡಿ 10.3 ಎಂದರೆ, ನನ್ನ ಪ್ರತಿ ಅಂಕಿಯನ್ನೂ 0.97ರಿಂದ ಗುಣಿಸಬೇಕು. ಟೈರು ಸವೆದರೆ, ಗಾಳಿ ಇಳಿಸಿದರೆ ಚಕ್ರದ ಸುತ್ತಳತೆ ಬದಲಾಗುತ್ತದೆ, ಲೆಕ್ಕವನ್ನೂ ಹೊಸದಾಗಿ ಮಾಡಬೇಕು. ನಾಡನ್ನು ಅಳೆಯಲು ಹೊರಟ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಪಕ್ಕದ ಬೀದರ್ ಬಳಿ ಸರಪಳಿ ಹಿಡಿದು ಅಡಿರೇಖೆ ಅಳೆದದ್ದು ಒಂದು ನಂಬಿಕೆಯಿಂದ: ಒಂದು ಗೆರೆಯನ್ನು ತಪ್ಪಿಲ್ಲದೆ ಅಳೆದರೆ ಉಳಿದ ನಾಡನ್ನು ಕೋನಗಳ ಲೆಕ್ಕದಿಂದ ಪಡೆಯಬಹುದು. ನಸುಕಿನಲ್ಲಿ ಸೇಡಂ ರಸ್ತೆಯ ಕಿಲೋಮೀಟರ್ ಕಲ್ಲುಗಳ ಪಕ್ಕದಲ್ಲಿ ನಿಧಾನ ಗಾಡಿ ಓಡಿಸುತ್ತ ಅಂಕಿ ಬರೆದುಕೊಳ್ಳುವಾಗ ಆ ಪರಂಪರೆಯ ಕೊನೆಯ ಸಾಲಿನಲ್ಲಿ ನನಗೂ ಜಾಗವಿದೆ ಎಂದು ಹೆಮ್ಮೆಯಾಗುತ್ತದೆ.

ಪಕ್ಕದ ಸೀಟಿನಲ್ಲಿ ಕೂಡುವವರ ವಿದ್ಯೆ ದೊಡ್ಡದು. ಕಾಸರಗೋಡಿನ ಮೂಸಾ ಶರೀಫ್ ಗೌರವ್ ಗಿಲ್ ಅವರ ಪಕ್ಕದಲ್ಲಿ ಕೂತು ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದವರು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯನ್ನು 36ನೇ ಸ್ಥಾನದಲ್ಲಿ ಪೂರೈಸಿದಾಗ ಬೈಕಿನ ಮೇಲೆ ದಾರಿ ಓದುವವರೂ ಓಡಿಸುವವರೂ ಅವರೊಬ್ಬರೇ. ನಾವು ಇಬ್ಬರಿರುವುದರಿಂದ ಕೆಲಸ ಹಂಚಿಕೊಂಡಿದ್ದೇವೆ. ಗೆಳೆಯ ರೋಡ್‌ಬುಕ್ಕಿಗೆ ಗುರುತು ಹಾಕುತ್ತಾನೆ: ಅಪಾಯಕ್ಕೆ ಒಂದು ಬಣ್ಣ, ತಿರುವಿಗೆ ಇನ್ನೊಂದು, ವೇಗ ಬದಲಾಗುವಲ್ಲಿ ಮತ್ತೊಂದು. ಕೆಂಪು ಮಾತ್ರ ಬಳಸುವುದಿಲ್ಲ. ರಾತ್ರಿ ಓದಲು ಹಣೆಗೆ ಕಟ್ಟುವ ದೀಪ ಕೆಂಪು ಬೆಳಕಿನದು; ಆ ಬೆಳಕಿನಲ್ಲಿ ಕೆಂಪು ಗೆರೆ ಕಾಗದದಲ್ಲೇ ಕರಗಿಹೋಗುತ್ತದೆ.

ಹೊರಡುವ ಹಿಂದಿನ ದಿನ ಅಂಗಳದಲ್ಲಿ ತಾಡಪತ್ರಿ ಹಾಸಿ ಎಲ್ಲ ಸಾಮಾನನ್ನೂ ಸಾಲಾಗಿ ಇಡುತ್ತೇನೆ. ಭಾರದ್ದು ಕೆಳಗೆ, ಹಿಂದಿನ ಆಕ್ಸಲ್‌ಗಿಂತ ಮುಂದೆ. ಮೊದಲು ಬೇಕಾಗುವುದು ಎಲ್ಲಕ್ಕಿಂತ ಮೇಲೆ. ಕಟ್ಟದ ಪಾನಾ ಒಂದೂ ಇರಬಾರದು; ಗಾಡಿ ಕುಪ್ಪಳಿಸಿದರೆ ಅದು ನೇರ ತಲೆಗೆ ಬರುತ್ತದೆ. ಇಬ್ಬರಿಗೆ ಇಪ್ಪತ್ತು ಲೀಟರ್ ನೀರು. ಅವ್ವ ಕೊಡುವುದು ಬಿಳಿ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಕೆಡುವುದಿಲ್ಲ, ಭಾರವಿಲ್ಲ, ಗಾಡಿ ನಿಲ್ಲಿಸದೆ ತಿನ್ನಬಹುದು. ಈ ನಾಡಿನ ದಾರಿಗೆ ಈ ನಾಡಿನ ಬುತ್ತಿಯೇ ಸರಿ.

ಚಿಂಚೋಳಿಯನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ಅಲ್ಲಿಯ ಕೆಂಪು ಮೊರಂ ದಾರಿಗಳು, ಚಂದ್ರಂಪಳ್ಳಿ ಕೆರೆಯ ಸುತ್ತಿನ ಏರಿಳಿತ ಎಂಥ ಚಾಲಕನ ಕೈಯನ್ನೂ ತುಡಿಸುತ್ತವೆ. ಆದರೆ ಅದು ವನ್ಯಜೀವಿ ಧಾಮ, ಸುಮಾರು 135 ಚದರ ಕಿ.ಮೀ. ಒಣ ಕಾಡು. ಅಲ್ಲಿ ನನ್ನ ಟೈರಿಗೆ ಕೆಲಸವಿಲ್ಲ. ಧಾಮದ ಗಡಿಯನ್ನು ನಕ್ಷೆಯಲ್ಲಿ ದಪ್ಪ ಗೆರೆಯಾಗಿ ಎಳೆದುಕೊಂಡು, ಡಾಂಬರು ರಸ್ತೆ ಬಿಡದೆ ಸುತ್ತು ಹಾಕುತ್ತೇನೆ. ಹೊಲದ ವಿಷಯವೂ ಅಷ್ಟೇ. ತೊಗರಿ ಕೊಯ್ದರೂ ಹಿಂಗಾರಿ ಜೋಳ, ಕಡಲೆ ನಿಂತಿರುತ್ತವೆ. ಬದು ತುಳಿದರೆ ಮುಂದಿನ ಮಳೆಗೆ ಮಣ್ಣು ಹರಿದುಹೋಗುತ್ತದೆ. ಬಂಡಿದಾರಿ ಬಿಟ್ಟು ಇಳಿಯುವ ಮುಂಚೆ ಹೊಲದವರನ್ನು ಕೇಳುವುದು, ತಾಂಡಾದೊಳಗೆ ಹೋಗುವ ಮುಂಚೆ ಎಂಜಿನ್ ಸದ್ದು ಇಳಿಸಿ ಹಿರಿಯರಿಗೆ ನಮಸ್ಕಾರ ಹೇಳುವುದು ಕೂಡ ನನ್ನ ಸಾಮಾನಿನ ಪಟ್ಟಿಯಲ್ಲಿ ಬರೆದಿದೆ.

ಪಟ್ಟಿ ಓದಿದವರಿಗೆ ನಮ್ಮ ನೆಲ ಗೊತ್ತಾಗಬೇಕು; ತಯಾರಿ ಎಂದರೆ ನನಗೆ ಅಷ್ಟೇ. ಸಲಾಕೆ ಎರೆಯ ಮಾತು, ಎರಡನೆಯ ಸ್ಟೆಪ್ನಿ ತೊಗರಿ ಕೂಳೆಯ ಮಾತು, ಸೊಳ್ಳೆ ಪರದೆ ಒಣ ಹುಲ್ಲಿನ ಮಾತು. ಈ ಮಾತುಗಳೆಲ್ಲ ವಾಡಿ, ಶಹಾಬಾದ್, ಚಿತ್ತಾಪುರದ ಗ್ಯಾರೇಜುಗಳಲ್ಲಿ ಪಾನಾ ಹಿಡಿದ ಹುಡುಗರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರ ಕೈಗೆ ಇನ್ನೂ ಬರದಿರುವುದು ನಕ್ಷೆ ಮತ್ತು ದಿಕ್ಸೂಚಿ ಮಾತ್ರ. ಈ ಸಲ ರಾಶಿ ಮುಗಿದ ಮೇಲೆ ಮಿಸ್ತ್ರಿಯ ಅಂಗಡಿಯ ಮುಂದೆಯೇ ನಾಲ್ಕು ಹಾಳೆಗಳನ್ನು ಹಾಸುತ್ತೇನೆ, ಕಲಿಯುವ ಮನಸ್ಸಿದ್ದವರು ಯಾರು ಬಂದರೂ ಕೂಡಿಸಿಕೊಳ್ಳುತ್ತೇನೆ. ಪಕ್ಕದ ಸೀಟಿಗೆ ನಮ್ಮ ಸೀಮೆಯಿಂದ ಒಬ್ಬ ಒಳ್ಳೆಯ ನ್ಯಾವಿಗೇಟರ್ ತಯಾರಾಗಬೇಕು, ಅದು ಆಗುವ ಕೆಲಸ.