23ನೇ ಸೆಕೆಂಡ್

(1/6)
ನಮ್ಮ ಕಿತ್ತಳೆ ಬಣ್ಣದ ಓಪನ್ ಗಾಡಿ ರೀಲ್ ನೀವೆಲ್ಲ ನೋಡಿದ್ದೀರಿ. ಟಾಪ್ ಇಲ್ಲದ ಹಳೇ ಆಟೋ, ನಾಲೆ ಏರಿ, ಹಿಂದೆ ನಿಂತ್ಕೊಂಡು ಎರಡೂ ಕೈ ಎತ್ತಿರೋ ನನ್ನ ಗೆಳೆಯ. ಒಟ್ಟು 22 ಸೆಕೆಂಡ್. "ಹಳ್ಳಿಮೈಸೂರು ಸ್ಲಿಂಗ್‌ಶಾಟ್" ಅಂತ ಹೆಸರಿಟ್ಟಿದ್ದೂ ನೀವೇ. ಖುಷಿ ಆಗಿತ್ತು, ಸುಳ್ಳು ಹೇಳಲ್ಲ.

ಆ ವಿಡಿಯೋ 22 ಸೆಕೆಂಡ್‌ಗೆ ಯಾಕೆ ಮುಗಿಯುತ್ತೆ ಅಂತ ಯಾರೂ ಕೇಳಲಿಲ್ಲ. 23ನೇ ಸೆಕೆಂಡನ್ನು ಕಟ್ ಮಾಡಿದ್ದು ನಾನು.

ಮೊನ್ನೆ ಒಬ್ಬ ಪಿಯುಸಿ ಹುಡುಗ ಮೆಸೇಜ್ ಹಾಕಿದ್ದ. "ಅಣ್ಣ, ನಮ್ಮಪ್ಪನ ಆಟೋ ಟಾಪ್ ಬಿಚ್ತಾ ಇದೀನಿ, ಕಂಬಿ ಎಲ್ಲಿಗೆ ಕಟ್ ಮಾಡ್ಲಿ?" ಅವನಿಗೆ ಉತ್ತರ ಬರೆಯೋಕೆ ಕೂತೆ. ಅದು ಇಷ್ಟುದ್ದ ಆಯ್ತು.

(2/6)
ಗಾಡಿ ನಮ್ಮ ಮಾವಂದು. ಗುಜರಿಗೆ ಹಾಕೋಕೆ ಅಂತ ಹೊಗೆಸೊಪ್ಪಿನ ಬ್ಯಾರನ್ ಪಕ್ಕ ನಿಲ್ಲಿಸಿದ್ರು. ಡಿಪ್ಲೊಮಾ ಮೆಕ್ಯಾನಿಕಲ್ ಓದ್ತಿರೋ ನಾನು, ವೆಲ್ಡಿಂಗ್ ಕಲಿತಿರೋ ಗೆಳೆಯ. ಇನ್ನೇನು ಬೇಕು? ಟಾಪ್ ಕಿತ್ತೆವು, ಮುಂದಿನ ಗ್ಲಾಸ್ ತೆಗೆದೆವು, ಕಂಬಿಗಳನ್ನು ಕತ್ತರಿಸಿದೆವು. ಹಿಂದಿನ ಸೀಟ್ ಜಾಗದಲ್ಲಿ ಸ್ಪೀಕರ್ ಪೆಟ್ಟಿಗೆ, ಅದರ ಮೇಲೆ ನಿಲ್ಲೋಕೆ ಒಂದು ಹಲಗೆ.

ಟಾಪ್ ತೆಗೆದ್ರೆ ಗಾಡಿ ಹಗುರ ಆಗುತ್ತೆ, ಭಾರ ಕೆಳಗೆ ಬರುತ್ತೆ, ಮಗುಚಲ್ಲ. ಇದು ನನ್ನ ಲೆಕ್ಕ. ಆದ್ರೆ ಆಟೋ ಟಾಪ್ ಅಂದ್ರೆ ಏನು? ರೆಕ್ಸಿನ್ನು, ಸಣ್ಣ ಕಂಬಿ. ತೆಗೆದದ್ದು ಕೆಲವೇ ಕೆಜಿ. ಅದರ ಬದಲು 60 ಕೆಜಿ ಮನುಷ್ಯನನ್ನ ಹಲಗೆ ಮೇಲೆ ನಿಲ್ಲಿಸಿದೆ. ಭಾರ ಕೆಳಗೆ ಬರೋ ಬದಲು ಮೇಲೆ ಹೋಯ್ತು. ಮಗುಚಿದಾಗ ಕಾಪಾಡಬೇಕಿದ್ದ ಕಂಬಿಗಳೂ ಹೋದವು.

(3/6)
ಜುಲೈ. ಸೊಪ್ಪು ಮುರಿಯೋ ಕಾಲ. ನಾಲೆ ಏರಿಯಿಂದ ಎಡಕ್ಕೆ ಹೊಲದ ದಾರಿಗೆ ತಿರುಗಿಸಬೇಕು. ಸ್ಪೀಡ್ 30 ಕೂಡ ಇರಲಿಲ್ಲ ಅನ್ಸುತ್ತೆ. ತಿರುಗಿಸ್ತಾ ತಿರುಗಿಸ್ತಾ ದಾರಿಯಲ್ಲಿ ಒಂದು ಕರು ಕಾಣಿಸ್ತು, ಬ್ರೇಕ್ ಒತ್ತಿದೆ. ಎಡಗಡೆ ಹಿಂದಿನ ಚಕ್ರ ಮೆಲ್ಲಗೆ ಎದ್ದಿತು. ನಿಜವಾಗ್ಲೂ ಮೆಲ್ಲಗೆ, ಯಾರೋ ಕೈಯಲ್ಲಿ ಎತ್ತಿದ ಹಾಗೆ. ಆಮೇಲೆ ಇಡೀ ಗಾಡಿ ಬಲಕ್ಕೆ ಉರುಳ್ತು.

ನನಗೆ ಮೊಣಕೈ ತರಚಿತು ಅಷ್ಟೇ. ಅವನ ಬಲ ಹೆಗಲ ಮೂಳೆ ಮುರೀತು. ಇಬ್ಬರೂ ಸೇರಿ ಮನೇಲಿ ಹೇಳಿದ್ದು, "ಕೆಸರಲ್ಲಿ ಬೈಕ್ ಜಾರ್ತು" ಅಂತ. ಆ ಸೀಸನ್ ಪೂರ್ತಿ ಅವನು ಕೈ ಕಟ್ಕೊಂಡು ಜಗಲಿ ಮೇಲೆ ಕೂತ. ಅವನ ಪಾಲಿನ ಸೊಪ್ಪು ಮುರಿಯೋಕೆ ಅವರಪ್ಪ ಕೂಲಿ ಕೊಟ್ಟು ಆಳು ಕರ್ಕೊಂಡ್ರು. ನಾನು ಅದೇ ವಾರ ರೀಲ್ ಹಾಕಿದೆ.

(4/6)
ಯಾಕೆ ಉರುಳ್ತು ಅಂತ ಆಮೇಲೆ ಕೂತು ಕಲಿತೆ. ನೀವೂ ಮಾಡಿ ನೋಡಿ. ಮೂರು ಬದಿಯೂ ಸಮ ಇರೋ ತ್ರಿಕೋನದ ಹಲಗೆ ತಗೊಳ್ಳಿ, ಮೂರು ಮೂಲೆಗೂ ಒಂದೊಂದು ಕಾಲು ಹೊಡೀರಿ, ನಡುವೆ ಒಂದು ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿ. ಚೂಪು ಮೂಲೆ ಮುಂದಕ್ಕಿರಲಿ. ಅದೇ ಆಟೋ. ಈಗ ಇಟ್ಟಿಗೆಯ ತಲೆಯನ್ನ ಬೆರಳಲ್ಲಿ ಮುಂದಕ್ಕೂ ಬಲಕ್ಕೂ ಓರೆಯಾಗಿ ತಳ್ಳಿ. ಸಲೀಸಾಗಿ ಬೀಳುತ್ತೆ, ಯಾಕಂದ್ರೆ ಆ ಕಡೆ ಕಾಲೇ ಇಲ್ಲ. ಎಡಕ್ಕೆ ತಿರುಗಿಸ್ತಾ ಬ್ರೇಕ್ ಹಿಡಿದ್ರೆ ಭಾರ ಹೋಗೋದು ಸರಿಯಾಗಿ ಅದೇ ಕಡೆಗೆ.

ಈಗ ಹಲಗೆ ತಿರುಗಿಸಿ, ಎರಡು ಕಾಲು ಮುಂದೆ ಬರಲಿ. ಅದೇ ಇಟ್ಟಿಗೆ, ಅದೇ ಎತ್ತರ, ಅದೇ ಓರೆ. ಈ ಸಲ ಜೋರಾಗಿ ತಳ್ಳಬೇಕು, ಆ ಮೂಲೆಯಲ್ಲಿ ಕಾಲು ನಿಂತಿದೆ.

1886ರಲ್ಲಿ ಪೇಟೆಂಟ್ ಆದ ಕಾರ್ಲ್ ಬೆಂಜ್ ಗಾಡಿಗೆ ಮುಂದೆ ಒಂದೇ ಚಕ್ರ. 1909ರಲ್ಲಿ ಇಂಗ್ಲೆಂಡಿನ ಮಾರ್ಗನ್ ಕಟ್ಟಿದ ತ್ರಿಚಕ್ರಕ್ಕೆ ಮುಂದೆ ಎರಡು, ಹಿಂದೆ ಒಂದು. 2014ರಲ್ಲಿ ಅಮೆರಿಕದ ಪೊಲಾರಿಸ್ ತಂದ ಸ್ಲಿಂಗ್‌ಶಾಟ್ ಕೂಡ ಹಾಗೇ: ಟಾಪ್ ಇಲ್ಲ, ಬಾಗಿಲಿಲ್ಲ, ಮುಂದೆ ಎರಡು ಅಗಲವಾದ ಚಕ್ರ, ಸೀಟು ನೆಲಕ್ಕೆ ಹತ್ತಿರ. ನಾವು ಕಾಪಿ ಮಾಡಿದ್ದು ಅದರ ಬಣ್ಣ. ಚಕ್ರ ಎಲ್ಲಿದೆ ಅಂತ ನೋಡಲೇ ಇಲ್ಲ.

ನಮ್ಮೂರ ಆಟೋ ತಪ್ಪಲ್ಲ, ಕಣ್ರೋ. ಕೂತು ಹೋಗೋ ಜನಕ್ಕೆ, ಸಣ್ಣ ಬೀದೀಲಿ ತಿರುಗಿಸೋಕೆ ಮಾಡಿದ ಗಾಡಿ ಅದು. ಅದನ್ನ ರೇಸ್ ಗಾಡಿ ಮಾಡೋಕೆ ಹೋದದ್ದು ನಮ್ಮ ತಪ್ಪು.

(5/6)
ಈಗ ಹೊಸದು ಕಟ್ಟಿದೀವಿ. ಮುಂದೆ ಗುಜರಿ ಕಾರಿನ ಸ್ಟೀರಿಂಗ್, ಎರಡು ಚಕ್ರ. ಹಿಂದೆ ಹಳೇ ಬೈಕಿನ ಇಂಜಿನ್, ಚೈನು, ಒಂದು ಚಕ್ರ. ಸೀಟು ನೆಲದಿಂದ ಎರಡು ಗೇಣು. ತಲೆ ಮೇಲೆ ದಪ್ಪ ಪೈಪಿನ ಕಮಾನು, ಬೆಲ್ಟು, ಹೆಲ್ಮೆಟ್ಟು. ನಿಲ್ಲೋಕೆ ಜಾಗವೇ ಇಲ್ಲ, ಬೇಕಂತಲೇ ಇಟ್ಟಿಲ್ಲ. ಇದೂ ಮಗುಚದ ಗಾಡಿ ಅಲ್ಲ: ಸೀಟ್ ಜಾಸ್ತಿ ಹಿಂದಕ್ಕಿಟ್ರೆ ಭಾರ ಮತ್ತೆ ಚೂಪು ಮೂಲೆಗೆ ಹೋಗುತ್ತೆ, ತಿರುವಲ್ಲಿ ಆಕ್ಸಿಲರೇಟರ್ ತಿರುವಿದ್ರೆ ಹಿಂದಿನ ಚಕ್ರ ಜಾರುತ್ತೆ.

ಓಡಿಸೋದು ರಾಗಿ ಕೊಯ್ದ ನಮ್ಮದೇ ಹೊಲದಲ್ಲಿ ಮಾತ್ರ. ಹಲ್ಲಲ್ಲೆಲ್ಲ ಮಣ್ಣು. ಕೂಳೆ ಮೇಲೆ ಹೋಗುವಾಗ ನೆಲವೇ ಬೆನ್ನಿಗೆ ಗುದ್ದಿದ ಹಾಗಿರುತ್ತೆ. 25ರ ಸ್ಪೀಡು 80ರ ತರ ಅನ್ಸುತ್ತೆ. ಮಜಾ ಅಂದ್ರೆ ಮಜಾ.

ರೋಡಿಗೆ ತರಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ತಿದ್ದುಪಡಿ ಆದ್ಮೇಲೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಅದೇ ಕಾನೂನು ಅಂಗವಿಕಲರಿಗೆ ಬೇಕಾದ ಹಾಗೆ ಗಾಡಿ ಬದಲಾಯಿಸೋಕೆ ದಾರಿ ಬಿಟ್ಟಿದೆ. ಪಕ್ಕದ ಚಕ್ರ ಹಾಕಿಸಿದ ಸ್ಕೂಟರ್ ನೀವೂ ನೋಡಿರ್ತೀರಿ. ನಮ್ಮ ಬೀದೀಲಿ ಒಬ್ಬರು ಅದರಲ್ಲೇ ದಿನಾ ಕೆಲಸಕ್ಕೆ ಹೊಳೆನರಸೀಪುರಕ್ಕೆ ಹೋಗಿ ಬರ್ತಾರೆ. ನನ್ನ ಗಾಡಿ ನೋಡಿ ಅವರು ನಕ್ಕು ಕೇಳಿದ್ದು ಒಂದೇ: "ಚಕ್ರ ಜಾಸ್ತಿ ಮಾಡ್ಕೊಂಡ್ರೆ ಬೀಳಬಾರ್ದು, ಅಲ್ವೇನಪ್ಪ?"

(6/6)
ಇದನ್ನ ಹಾಕೋ ಮೊದಲು ಗೆಳೆಯನ ಒಪ್ಪಿಗೆ ಕೇಳಿದೆ. ಅವನು, "ಮೊದಲು ನಮ್ಮವ್ವನಿಗೆ ಹೇಳು" ಅಂದ. ನಿನ್ನೆ ಸಂಜೆ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಅವನ ಹೆಗಲ ಮೇಲಿನ ಗಂಟು ಮುಟ್ಟಿ ನೋಡಿ ಸುಮ್ಮನೆ ಒಳಗೆ ಹೋದ್ರು. ಬೈದಿದ್ರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಇಬ್ಬರಿಗೂ ಕಾಫಿ ತಂದಿಟ್ರು.

ಮೆಸೇಜ್ ಹಾಕಿದ ತಮ್ಮ, ನಿನಗೆ ಉತ್ತರ: ಕಂಬಿ ಕತ್ತರಿಸಬೇಡ. ಅದು ನಿಮ್ಮಪ್ಪ ದುಡಿಯೋ ಗಾಡಿ. ಕಟ್ಟೋ ಆಸೆ ಇದ್ರೆ ಮೊದಲು ಹಲಗೆ, ಇಟ್ಟಿಗೆ ತಗೋ, ಬೀಳಿಸಿ ನೋಡು, ವಿಡಿಯೋ ಕಳಿಸು. ಆಮೇಲೆ ಒಂದು ಭಾನುವಾರ ನಮ್ಮ ಹೊಲಕ್ಕೆ ಬಾ. ಹೆಲ್ಮೆಟ್ ತಗೊಂಡು ಬಾ.

ಹಳೇ ರೀಲ್ ತೆಗೆದಿದೀನಿ. ಕೊನೇ ಸ್ಲೈಡ್‌ನಲ್ಲಿ ಅದೇ ವಿಡಿಯೋ ಕಟ್ ಮಾಡದೆ ಹಾಕಿದೀನಿ. 23ನೇ ಸೆಕೆಂಡ್ ಸೌಂಡ್ ಇಟ್ಕೊಂಡು ನೋಡಿ. ಕಿರುಚ್ತಾ ಇರೋದು ನಾನು, ಅವನಲ್ಲ.