ಅಂಗಳಕ್ಕೆ ಬಂದ ನವಿಲು

ಮೊನ್ನೆ ಊರಿಗೆ ಹೋದಾಗ ಬೆಳಗಿನ ಜಾವ ಎಚ್ಚರವಾಗಿದ್ದು ನವಿಲಿನ ಕೂಗಿಗೆ. ನಮ್ಮದು ಸಾಗರದ ಹತ್ತಿರದ ಹಳ್ಳಿ. ಚಿಕ್ಕವನಿದ್ದಾಗ ಇಲ್ಲಿ ನವಿಲು ನೋಡಿದ ನೆನಪೇ ಇಲ್ಲ. ಮರಿ ಹಾಕುತ್ತೆ ಅಂತ ಪುಸ್ತಕದೊಳಗೆ ಇಟ್ಟುಕೊಂಡಿದ್ದ ಗರಿ ಕೂಡ ಬಯಲುಸೀಮೆಯ ಅತ್ತೆ ಮನೆಯಿಂದ ತಂದಿದ್ದು!

ಕ್ಯಾಮೆರಾ ಹಿಡಿದು ಓಡಿದೆ. ಅಂಗಳ ದಾಟಿ ಗದ್ದೆಗೆ ಇಳೀತಾ ಇದ್ದವು, ನಾಲ್ಕು.

"ಫೋಟೋ ತೆಗೆದಾಯ್ತಾ? ಇನ್ನು ಓಡ್ಸು ಮಾರಾಯಾ. ಅಗೆ ಹಾಕಿದ ಬೀಜ ಪೂರಾ ಹೆಕ್ಕಿ ತಿಂತಾವೆ" ಅಂದ್ರು ಅಪ್ಪಯ್ಯ. 1963ರಿಂದ ರಾಷ್ಟ್ರಪಕ್ಷಿ, ಮೇಲೆ 1972ರ ಕಾಯ್ದೆಯ ರಕ್ಷಣೆ ಬೇರೆ. ಹುಶ್ ಅನ್ನೋದು ಬಿಟ್ಟು ಅವರು ಮಾಡೋದಾದ್ರೂ ಏನು?

ನವಿಲಿಗೆ ಇಷ್ಟ ಒಣ ಕುರುಚಲು ಕಾಡು. 1933ರಲ್ಲಿ ಸಲೀಂ ಅಲಿ ತಿರುವಾಂಕೂರು-ಕೊಚ್ಚಿ ಸುತ್ತಿ ಹಕ್ಕಿಗಳ ಲೆಕ್ಕ ಹಾಕಿದಾಗ ಒಂದೂ ಕಂಡಿರಲಿಲ್ಲವಂತೆ. ಈಗ ಕೇರಳದಲ್ಲಿ ಎಷ್ಟೋ ಕಡೆ ಇವೆ. ನೆಲ ಒಣಗುತ್ತಿರುವುದರ ಗುರುತು ಇದು ಅಂತಾರೆ ಅಲ್ಲಿನ ಸಂಶೋಧಕರು.

ಸಂಜೆ ಅಮ್ಮ ಬಾವಿಯಿಂದ ನೀರು ಸೇದುತ್ತಿದ್ದಳು. ಹಗ್ಗದಲ್ಲೊಂದು ಹೊಸ ಗಂಟು. ಈ ವರ್ಷ ಇನ್ನೊಂದು ಮಾರು ಸೇರಿಸಿದ್ದಾಳೆ.

ಫೋಟೋ ಚೆನ್ನಾಗೇ ಬಂದಿದೆ. ಇಲ್ಲಿ ಹಾಕೋಕೆ ಮಾತ್ರ ಯಾಕೋ ಮನಸ್ಸಾಗ್ತಿಲ್ಲ. ನಿಮ್ಮೂರಿಗೂ ಬಂದಿದೆಯಾ ನವಿಲು?