ದಯವಿಟ್ಟು ಎರಡನೇ ಡಿಸ್ಕ್ ಹಾಕಿ

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ದಾವಣಗೆರೆಯಿಂದ ಪುಣೆಗೆ ಕರೆದುಕೊಂಡು ಬಂದಾಗ ಅವರ ಜೊತೆ ಬಂದದ್ದು ಎರಡು ಸೂಟ್‌ಕೇಸು, ಒಂದು ಬಿಪಿ ಮಿಷನ್ನು, ಮತ್ತೆ ಹಳೇ ಬಟ್ಟೆ ಅಂಗಡಿ ಚೀಲದಲ್ಲಿ ತುಂಬಿದ ನಲವತ್ತೋ ಐವತ್ತೋ ವಿಸಿಡಿಗಳು. ನಮ್ಮ ಮನೆಯಲ್ಲಿ ಅವನ್ನು ಹಾಕಲು ಯಂತ್ರವೇ ಇಲ್ಲ. ನನ್ನ ಲ್ಯಾಪ್‌ಟಾಪಿಗೂ ಡಿಸ್ಕ್ ಹಾಕುವ ಬಾಯಿಲ್ಲ. "ಅಪ್ಪಾ, ಇವೆಲ್ಲ ಈಗ ಫೋನಲ್ಲೇ ಸಿಗ್ತಾವೆ" ಅಂದೆ. "ಸಿಗ್ಲಿ ಬಿಡು" ಅಂದು ಚೀಲವನ್ನು ತಮ್ಮ ಮಂಚದ ಕೆಳಗೆ ತಳ್ಳಿದರು.

ಪುಣೆಯಲ್ಲಿ ಅಪ್ಪನಿಗೆ ಮಾತಾಡಲು ಜನ ಕಡಿಮೆ. ಸೊಸೈಟಿಯ ಕೆಳಗೆ ಬೆಂಚಿನ ಮೇಲೆ ಕೂರುವ ಹಿರಿಯರೆಲ್ಲ ಒಳ್ಳೆಯವರೇ, ಆದರೆ ಮರಾಠಿಯಲ್ಲಿ ಅಪ್ಪ ತರಕಾರಿ ಕೊಳ್ಳಬಲ್ಲರೇ ಹೊರತು ಹರಟೆ ಹೊಡೆಯಲಾರರು. ಹಗಲು ನಾನು ಹಿಂಜವಡಿಯಲ್ಲಿ, ಹೆಂಡತಿ ಬಾನೇರಿನ ಆಫೀಸಿನಲ್ಲಿ, ಮಗಳು ಶಾಲೆಯಲ್ಲಿ. ಹಾಗಾಗಿ ಅಪ್ಪನ ಮಧ್ಯಾಹ್ನಗಳಿಗೆ ಉಳಿದದ್ದು ಟಿವಿ ಒಂದೇ. ನಾನೇ ಒಂದು ಭಾನುವಾರ ಯೂಟ್ಯೂಬಿನಲ್ಲಿ 'ಕಸ್ತೂರಿ ನಿವಾಸ' ಹುಡುಕಿ ಹಾಕಿಕೊಟ್ಟೆ. ಅರ್ಧ ಗಂಟೆಗೆ ಬಂದು ನೋಡಿದರೆ ಟಿವಿ ಆರಿಸಿ ಪೇಪರ್ ಓದುತ್ತಾ ಕೂತಿದ್ದರು.

"ಯಾಕಪ್ಪಾ?"

"ರಾಜ್‌ಕುಮಾರ್ ಮುಖದ ಮೇಲೆ ಯಾರದೋ ಬೋರ್ಡು ಬರೀತಾ ಇದೆ."

ಕಂಪನಿಯ ವಾಟರ್‌ಮಾರ್ಕು. ನಮ್ಮ ಕಣ್ಣಿಗೆ ಅದು ಬೀಳುವುದೇ ಇಲ್ಲ, ಅಷ್ಟು ಒಗ್ಗಿಹೋಗಿದೆ. ಅಪ್ಪನಿಗೆ ಬಿತ್ತು. ಜೊತೆಗೆ ಚೌಕಾಕಾರದ ಚಿತ್ರವನ್ನು ನಮ್ಮ ಟಿವಿಯ ಅಗಲಕ್ಕೆ ಎಳೆದು ಎಲ್ಲರನ್ನೂ ದಪ್ಪ ಮಾಡಿದ್ದರು.

ಅವತ್ತು ರಾತ್ರಿ ಕುತೂಹಲಕ್ಕೆ ಚೀಲ ಬಿಚ್ಚಿ ಅದೇ ಸಿನಿಮಾದ ವಿಸಿಡಿ ಹುಡುಕಿದೆ. ಡಬ್ಬಿಯ ಒಳಗೆ ಮಡಚಿಟ್ಟ ಒಂದು ಹಾಳೆ ಸಿಕ್ಕಿತು. ಅಪ್ಪ ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಯಾರಿಗೆ ಏನು ಬರೆದರೂ ನಕಲು ಇಟ್ಟುಕೊಳ್ಳದೆ ಕಳಿಸಿದವರಲ್ಲ. ಅದು 2004ರಲ್ಲಿ ಗಾಂಧಿನಗರದ ಒಂದು ವಿಸಿಡಿ ಕಂಪನಿಗೆ ಬರೆದ ಪತ್ರದ ನಕಲು.

"ಮಾನ್ಯರೇ, ತಮ್ಮ ಸಂಸ್ಥೆ ಹೊರತಂದಿರುವ 'ಕಸ್ತೂರಿ ನಿವಾಸ' ಚಿತ್ರದ ವಿಸಿಡಿಯನ್ನು ಕೊಂಡಿರುತ್ತೇನೆ. ಇದರಲ್ಲಿ ಗೊಂಬೆಯ ಹಾಡು ಒಂದೇ ಸಲ ಇರುತ್ತದೆ. ಚಿತ್ರದ ಕೊನೆಯ ಭಾಗದಲ್ಲಿ ಅದೇ ಧಾಟಿಯಲ್ಲಿ ಬರುವ ಎರಡನೆಯ ಹಾಡು ಇರುವುದಿಲ್ಲ. ಒಂದನೇ ಡಿಸ್ಕಿನ ಕೊನೆಯಲ್ಲಿ ಒಂದು ಮಾತು ಅರ್ಧಕ್ಕೆ ನಿಲ್ಲುತ್ತದೆ. ಎರಡನೇ ಡಿಸ್ಕಿನಲ್ಲಿ ಅದರ ಉಳಿದರ್ಧ ಇಲ್ಲ. ಎರಡು ಬೇರೆ ಪ್ಲೇಯರುಗಳಲ್ಲಿ ಹಾಕಿ ನೋಡಿದ್ದೇನೆ. ಆದ್ದರಿಂದ ದೋಷ ತಮ್ಮ ಡಿಸ್ಕಿನದೇ ಎಂದು ಭಾವಿಸುತ್ತೇನೆ. ಉತ್ತರಕ್ಕಾಗಿ ರಿಪ್ಲೈ ಕಾರ್ಡು ಬಳಸಲಾಗಿದೆ."

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ತಂಡವೊಂದನ್ನು ನೋಡಿಕೊಳ್ಳುವವನು. ಎಂ.ಟೆಕ್ ಮಾಡಿದ ಹುಡುಗರಿಗೆ ಇಂಥ ಒಂದು ಬಗ್ ರಿಪೋರ್ಟ್ ಬರೆಯಿರಪ್ಪಾ ಅಂತ ವರ್ಷಗಟ್ಟಲೆ ಹೇಳಿಕೊಡುತ್ತೇನೆ. ಏನಿರಬೇಕಿತ್ತು, ಏನಿದೆ, ಎಲ್ಲಿ ಕಾಣುತ್ತದೆ, ಬೇರೆ ಯಂತ್ರದಲ್ಲೂ ಹೀಗೇನಾ, ಎಲ್ಲ ಇದೆ. ರಿಪ್ಲೈ ಕಾರ್ಡು ಅಂದರೆ ಏನೆಂದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಒಂದಕ್ಕೊಂದು ಅಂಟಿದ ಜೋಡಿ ಅಂಚೆ ಕಾರ್ಡು ಅದು. ಒಂದರಲ್ಲಿ ನಾವು ಬರೆಯುತ್ತೇವೆ. ಇನ್ನೊಂದರಲ್ಲಿ ನಮ್ಮದೇ ವಿಳಾಸ ಬರೆದು ಖಾಲಿ ಬಿಡುತ್ತೇವೆ. ಪಡೆದವರು ಹರಿದು, ನಾಲ್ಕು ಸಾಲು ಗೀಚಿ ಡಬ್ಬಿಗೆ ಹಾಕಿದರಾಯಿತು, ಅವರ ಕೈಯಿಂದ ನಯಾ ಪೈಸೆ ಖರ್ಚಿಲ್ಲ. ಆಗ ಜೋಡಿಗೆ ಒಂದು ರೂಪಾಯಿ.

ಉತ್ತರ ಬರಲಿಲ್ಲ.

ಆ ಹಾಡು ಯಾಕೆ ಹೋಯಿತು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಒಂದು ವಿಸಿಡಿಯಲ್ಲಿ ಹಿಡಿಸುವುದು 74ರಿಂದ 80 ನಿಮಿಷ. ನಮ್ಮ ಹಳೆಯ ಸಿನಿಮಾಗಳು ಎರಡೂವರೆ ಗಂಟೆಯ ಆಸುಪಾಸಿನವು. ಎರಡರಲ್ಲಿ ಹಿಡಿಸದಿದ್ದರೆ ಮೂರನೆಯದಕ್ಕೆ ಹೋಗಬೇಕು, ಡಬ್ಬಿಯ ಖರ್ಚೂ ಏರುತ್ತದೆ. ಅದಕ್ಕಿಂತ ಕತ್ತರಿ ಅಗ್ಗ. ಕತ್ತರಿ ಹಿಡಿದವನಿಗೆ ಒಂದೇ ಧಾಟಿಯ ಹಾಡು ಎರಡು ಸಲ ಬಂದಂತೆ ಕಂಡಿರಬೇಕು, ಒಂದು ಸಾಕು ಅನ್ನಿಸಿರಬೇಕು. ಅಪ್ಪ ಹೇಳುವುದೇ ಬೇರೆ: "ಎರಡನೇದು ಇಲ್ದಿದ್ರೆ ಮೊದಲನೇದು ಬರೀ ಗೊಂಬೆ ಹಾಡು." ಸಿನಿಮಾ ನೋಡಿದವರಿಗೆ ಗೊತ್ತು. ಉದಯಶಂಕರ್ ಸಾಹಿತ್ಯ, ಜಿ.ಕೆ. ವೆಂಕಟೇಶ್ ಸಂಗೀತ, ಪಿ.ಬಿ. ಶ್ರೀನಿವಾಸ್ ಕಂಠ. ಬಿದ್ದರೂ ಏಳುವ ಗೊಂಬೆಯ ಹಾಡು ಮೊದಲು. ಆಮೇಲೆ ಕೊಟ್ಟು ಕೊಟ್ಟು ಬರಿದಾದ ಮನುಷ್ಯ, ಅದೇ ಧಾಟಿ.

ಇಷ್ಟನ್ನೂ ಮರುದಿನ ಊಟದ ಹೊತ್ತಿನಲ್ಲಿ ನನ್ನ ಸಹೋದ್ಯೋಗಿಯೊಬ್ಬನಿಗೆ ಹೇಳಿದೆ. ಕೋಲ್ಕತ್ತದವನು, ಮೂರು ವರ್ಷ ಅಮೆರಿಕದಲ್ಲಿದ್ದು ಬಂದವನು, ಡಿಸ್ಕ್ ಹುಚ್ಚ. ಅವನ ಕಪಾಟಿನ ತುಂಬ ಕ್ರೈಟೀರಿಯನ್ ಕಂಪನಿಯ ಬ್ಲೂರೇಗಳು. ಅವು ಅಮೆರಿಕದ ಪ್ರದೇಶ 'ಎ'ಗೆ ಸೇರಿದವು, ನಮ್ಮದು 'ಸಿ', ಹಾಗಾಗಿ ಇಲ್ಲಿನ ಪ್ಲೇಯರುಗಳು ಸಾಮಾನ್ಯವಾಗಿ ಓದುವುದಿಲ್ಲ. ಅದಕ್ಕೆ ಅಲ್ಲಿಂದಲೇ ಪ್ಲೇಯರ್ ಹೊತ್ತು ತಂದಿದ್ದಾನೆ, ಅದಕ್ಕೊಂದು ಟ್ರಾನ್ಸ್‌ಫಾರ್ಮರು ಬೇರೆ. ಅವನ ಹೆಂಡತಿ ಆ ಟ್ರಾನ್ಸ್‌ಫಾರ್ಮರನ್ನು ಸವತಿ ಎಂದೇ ಕರೆಯುತ್ತಾಳೆ.

ಆ ಕಂಪನಿಯ ಅಭಿಮಾನಿಗಳ ಲೋಕ ನನಗೆ ಗೊತ್ತಾದದ್ದು ಅವನಿಂದ. 1984ರಲ್ಲಿ 'ಸಿಟಿಜನ್ ಕೇನ್', 'ಕಿಂಗ್ ಕಾಂಗ್' ಚಿತ್ರಗಳ ಲೇಸರ್ ಡಿಸ್ಕಿನಿಂದ ಶುರುವಾದ ಕಂಪನಿ. ಸಿನಿಮಾ ನಡೆಯುತ್ತಿರುವಾಗಲೇ ಒಬ್ಬ ಬಲ್ಲವರು ಪಕ್ಕದಲ್ಲಿ ಕೂತು ವಿವರಿಸಿದಂತೆ ಇನ್ನೊಂದು ಧ್ವನಿಪಟ್ಟಿ ಸೇರಿಸಿದ್ದು ಆ 'ಕಿಂಗ್ ಕಾಂಗ್' ಡಿಸ್ಕಿನಲ್ಲೇ ಮೊದಲು. ಈಗ ಪ್ರತಿ ಹೊಸ ವರ್ಷಕ್ಕೆ ಕಂಪನಿಯವರು ಒಂದು ತಮಾಷೆಯ ಚಿತ್ರ ಬಿಡಿಸಿ ಕಳಿಸುತ್ತಾರಂತೆ. ಅದರೊಳಗೆ ಆ ವರ್ಷ ಬರಲಿರುವ ಸಿನಿಮಾಗಳ ಸುಳಿವು ಅಡಗಿರುತ್ತದೆ. ಜಗತ್ತಿನ ಅಭಿಮಾನಿಗಳೆಲ್ಲ ಪದಬಂಧ ಬಿಡಿಸುವವರ ಹಾಗೆ ಅದರ ಮುಂದೆ ಕೂರುತ್ತಾರೆ. ಸಂತೋಷಪಡುವಷ್ಟೇ ಜೋರಾಗಿ ಜಗಳವನ್ನೂ ಆಡುತ್ತಾರೆ. 2021ರಲ್ಲಿ ವಾಂಗ್ ಕಾರ್-ವಾಯ್ ಚಿತ್ರಗಳ ಪೆಟ್ಟಿಗೆ ಬಂದಾಗ ನಿರ್ದೇಶಕರೇ ಹಳೆಯ ಚಿತ್ರಗಳ ಬಣ್ಣವನ್ನೂ, ಒಂದರಲ್ಲಿ ಚೌಕಟ್ಟಿನ ಅಳತೆಯನ್ನೂ ಬದಲಿಸಿದ್ದರು. "ಮಾಡಿದವರಿಗೇ ಹಕ್ಕಿಲ್ಲವೇ" ಅಂತ ಒಂದು ಪಂಗಡ, "ನಾವು ಅವತ್ತು ನೋಡಿದ್ದು ಇದಲ್ಲ" ಅಂತ ಇನ್ನೊಂದು.

ಅವನು ಹೇಳುತ್ತಿದ್ದಾಗ ನನಗೆ ನಗು ಬಂತು. ಈ ಜಗಳ ನಮ್ಮ ಮನೆಯಲ್ಲೇ ಆಗಿತ್ತು. 2008ರಲ್ಲಿ 'ಸತ್ಯ ಹರಿಶ್ಚಂದ್ರ'ಕ್ಕೆ ಬಣ್ಣ ಹಚ್ಚಿದರು, 2014ರಲ್ಲಿ 'ಕಸ್ತೂರಿ ನಿವಾಸ'ಕ್ಕೂ ಹಚ್ಚಿದರು. ಆ ಎರಡನೆಯದಕ್ಕೆ ಅಮ್ಮ ಸಂಭ್ರಮದಿಂದ ಹೊರಟರು, ಅಪ್ಪ ಗೊಣಗುತ್ತಾ ಹಿಂದೆ ಹೋದರು. ಬಂದ ಮೇಲೆ ಫೋನ್ ಮಾಡಿ ಹೇಗಿತ್ತಪ್ಪಾ ಅಂದರೆ, "ಪಾರಿವಾಳ ಒಂದು ಬೆಳ್ಳಗೇ ಬಿಟ್ಟಿದಾರೆ, ಪುಣ್ಯ" ಅಂದರು. ಹಿಂದಿನಿಂದ ಅಮ್ಮನ ದನಿ: "ಸುಳ್ಳು, ಕಣ್ಣೊರೆಸ್ಕೊಂಡೇ ಎದ್ದು ಬಂದ್ರು."

ನನ್ನ ಅಭಿಪ್ರಾಯ ಕೇಳಿದರೆ, ಬಣ್ಣ ಹಚ್ಚಿದ್ದಕ್ಕೆ ನನಗೆ ಅಂಥ ಸಿಟ್ಟಿಲ್ಲ. ಅದರಿಂದಾಗಿ ಅಮ್ಮ ಆ ಸಿನಿಮಾವನ್ನು ದೊಡ್ಡ ಪರದೆಯ ಮೇಲೆ ಮತ್ತೊಮ್ಮೆ ನೋಡಿದರು. ಆದರೆ ಕಪ್ಪು ಬಿಳುಪಿನ ಪೂರ್ತಿ ಸಿನಿಮಾ, ಎರಡೂ ಹಾಡುಗಳ ಸಮೇತ, ನೋಡುವ ಹಾಗಿರುವ ಒಂದು ಪ್ರತಿ ಅಪ್ಪನಿಗೆ ಕೊಡಿಸಲು ನನ್ನಿಂದ ಈವರೆಗೆ ಆಗಿಲ್ಲ ಅನ್ನುವುದು ಚುಚ್ಚುತ್ತದೆ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರತೊಡಗಿದಾಗ ಹಾಸ್ಟೆಲಿನಲ್ಲಿದ್ದ ನಾವು ಇನ್ನು ಎಲ್ಲ ಸಿನಿಮಾಗಳೂ ಮನೆಗೆ ಬಂದವು ಅಂತಲೇ ಕುಣಿದಿದ್ದೆವು. ನಾಲ್ಕು ಪ್ಲೇಟ್ ಇಡ್ಲಿಯ ದುಡ್ಡಿಗೆ ಒಂದು ಸಿನಿಮಾ! ಕಂಪನಿಯೂ ಹೋಯಿತು, ಡಿಸ್ಕಿನ ಅಂಗಡಿಗಳೂ ಹೋದವು.

ಆ ಶನಿವಾರ ಸಹೋದ್ಯೋಗಿ ಪ್ಲೇಯರು, ಸವತಿ ಎರಡನ್ನೂ ಹೊತ್ತು ನಮ್ಮ ಮನೆಗೆ ಬಂದ. ಸತ್ಯಜಿತ್ ರಾಯ್ ಅವರ 'ಅಪು' ಮೂರು ಚಿತ್ರಗಳ ಪೆಟ್ಟಿಗೆ ತಂದಿದ್ದ. 'ಪಥೇರ್ ಪಾಂಚಾಲಿ'ಗಿಂತ ಮೊದಲು ಅದನ್ನು ಸರಿಮಾಡಿದ ಬಗೆಯ ಪುಟ್ಟ ಚಿತ್ರ ಹಾಕಿದ. 1993ರಲ್ಲಿ ಲಂಡನ್ನಿನ ಒಂದು ಲ್ಯಾಬಿನಲ್ಲಿ ಬೆಂಕಿ ಬಿದ್ದು ಆ ಮೂರೂ ಚಿತ್ರಗಳ ಮೂಲ ನೆಗೆಟಿವ್ ಸುಟ್ಟಿತು. ಸುಟ್ಟದ್ದನ್ನು ಎಸೆಯದೆ ಅಮೆರಿಕದ ಆಸ್ಕರ್ ಅಕಾಡೆಮಿಯ ಆರ್ಕೈವಿನವರು ಎತ್ತಿಟ್ಟರು. ಇಪ್ಪತ್ತು ವರ್ಷದ ಮೇಲೆ ಇಟಲಿಯ ಬೊಲೋನ್ಯಾದ ಲ್ಯಾಬಿನಲ್ಲಿ ಒಣಗಿ ಹಪ್ಪಳವಾದ ಆ ಸುರುಳಿಗಳನ್ನು ಮೆತ್ತಗೆ ಮಾಡಿ, ಹರಿದ ಅಂಚುಗಳನ್ನು ಕೈಯಿಂದ ಕೂಡಿಸಿ, 'ಪಥೇರ್ ಪಾಂಚಾಲಿ'ಯ ಶೇಕಡಾ 40ರಷ್ಟನ್ನೂ 'ಅಪರಾಜಿತೊ'ದ 60ಕ್ಕೂ ಹೆಚ್ಚನ್ನೂ ಆ ಸುಟ್ಟ ನೆಗೆಟಿವಿನಿಂದಲೇ ಎಬ್ಬಿಸಿದರು. ಉಳಿದದ್ದನ್ನು ಬೇರೆ ಪ್ರತಿಗಳಿಂದ ತುಂಬಿದರು. ಡಿಸ್ಕ್ ಬಂದದ್ದು 2015ರಲ್ಲಿ.

ಅಪ್ಪ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿ ನೋಡಿದರು. ಕೈಗವಸು ಹಾಕಿದ ಹೆಂಗಸೊಬ್ಬಳು ಕರಕಲಾದ ಫಿಲ್ಮನ್ನು ಬಿಡಿಸುತ್ತಿದ್ದಳು. "ಸುಟ್ಟಿದ್ದನ್ನೇ ಸರಿ ಮಾಡ್ಯಾರೆ ನೋಡು" ಅಂದರು. ಸ್ವಲ್ಪ ಹೊತ್ತು ಬಿಟ್ಟು: "ನಮ್ಮದು ಸುಟ್ಟಿಲ್ಲ. ಬರೀ ಕತ್ತರಿಸಿದ್ದು."

ನಾನು ಸಮಾಧಾನಕ್ಕೆಂದು ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ದ ಕತೆ ಹೇಳಿದೆ. 1977ರ ಆ ಚಿತ್ರದ ಮೂಲ ನೆಗೆಟಿವ್ ಉಳಿದಿದ್ದದ್ದು ಇಲ್ಲೇ ಪುಣೆಯ ಫಿಲ್ಮ್ ಆರ್ಕೈವಿನಲ್ಲಿ. ಅದನ್ನು ಹಿಡಿದು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿಯ ಸಂಸ್ಥೆಯವರು ಅದೇ ಬೊಲೋನ್ಯಾದ ಲ್ಯಾಬಿನಲ್ಲಿ ಹೊಸದು ಮಾಡಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಪುಣೆಗೆ ಬಂದ ಇಷ್ಟು ವರ್ಷಗಳಲ್ಲಿ ಲಾ ಕಾಲೇಜ್ ರಸ್ತೆಯ ಆ ಕಟ್ಟಡದ ಮುಂದೆ ಬೈಕಿನಲ್ಲಿ ನೂರಾರು ಸಲ ಹೋಗಿದ್ದೇನೆ. ಯಮುನಕ್ಕನೂ ನಾಣಿಯೂ ಒಳಗೆ ತಣ್ಣನೆಯ ಕೋಣೆಯಲ್ಲಿ ಡಬ್ಬಿಯಲ್ಲಿದ್ದಾರೆ ಅನ್ನುವುದು ಗೊತ್ತಿರಲಿಲ್ಲ.

"ಹಂಗಾದ್ರೆ ಇದೂ ಎಲ್ಲೋ ಇರ್ತದೆ" ಅಂದರು ಅಪ್ಪ. ಇದು ಅಂದರೆ ಯಾವುದು ಅಂತ ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಮಗಳು ಅಜ್ಜನ ಪಕ್ಕ ಕೂತು ಬರೆಯುತ್ತಿದ್ದಳು. ಅಜ್ಜನ ಕೈ ಈಗ ನಡುಗುತ್ತದೆ. ಅವಳ ಕನ್ನಡ ಅಕ್ಷರ ಇನ್ನೂ ದಪ್ಪ ದಪ್ಪ, ಮಧ್ಯೆ ಎಲ್ಲೋ ಮರಾಠಿಯ 'ळ' ನುಸುಳಿತ್ತು. ಟಿವಿಯಲ್ಲಿ ಬೋರ್ಡು ಬರೆದಿದ್ದ ಆ ಕಂಪನಿಗೆ ಪತ್ರ. ಹಾಡಿನ ವಿಷಯ, ದಪ್ಪ ಮುಖಗಳ ವಿಷಯ, ಬೋರ್ಡಿನ ವಿಷಯ. ಅಪ್ಪನ ಪೆಟ್ಟಿಗೆಯಲ್ಲಿ ನಿವೃತ್ತಿಯ ಕಾಲದ ರಿಪ್ಲೈ ಕಾರ್ಡು ಇನ್ನೂ ಒಂದು ಕಟ್ಟು ಇತ್ತಂತೆ.

"ಅಪ್ಪಾ, ಇ-ಮೇಲ್ ಮಾಡಿದ್ರೆ ಆಗಲ್ವಾ? ಇದನ್ನ ಯಾರು ನೋಡ್ತಾರೆ?"

"ನೋಡೋದು ಬಿಡೋದು ಅವರಿಗೆ ಸೇರಿದ್ದು" ಅಂದು ಮೊಮ್ಮಗಳ ಕಡೆ ತಿರುಗಿದರು. "ಪುಟ್ಟೀ, ಎರಡನೇ ಕಾರ್ಡಲ್ಲಿ ನಮ್ಮ ಅಡ್ರೆಸ್ ಬರಿ. ದಾವಣಗೆರೆದಲ್ಲ, ಇಲ್ಲಿದು. ಇಲ್ಲಿ ಪಿನ್ ಕೋಡ್ ಎಷ್ಟು ಕೇಳು ನಿಮ್ಮಪ್ಪನ್ನ."